ಗುಲ್ಬರ್ಗದ ಕಡೆ ತಿರುಗಿದ ಆಂಟೆನಾ

(ಅಕ್ಕಲಕೋಟ ತಾಲೂಕಿನ ಕನ್ನಡ ಹುಡುಗ ಹುಡುಗಿಯರ ಕೂಟದಲ್ಲಿ ಆಡಿದ ಮಾತು. ಆದಷ್ಟು ಮಾತಾಡಿದ ಹಾಗೇ ಬರೆದಿದೆ.)



ನನ್ನನ್ನ ಕರೆಯೋಕೆ ಬಂದ ಹುಡುಗರು ಮೊದಲೇ ಒಂದು ಕರಾರು ಹಾಕಿದ್ರು. "ಸರ, ಮಹಾಜನ ವರದಿ ಬ್ಯಾಡ್ರಿ, ಅದನ್ನ ಪ್ರತಿ ನವೆಂಬರ್‌ಗೆ ಕೇಳತೀವಿ. ಬ್ಯಾರೆ ಏನರ ಹೇಳ್ರಿ." ಸರಿ. ನಮ್ಮ ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಆ ವರದಿ ಹೇಳಿತ್ತು, ಸೇರಲಿಲ್ಲ, ಅಷ್ಟು ಹೇಳಿ ಅದನ್ನ ಬದಿಗಿಡತೀನಿ. ಇವತ್ತು ನಾನು ಮಾತಾಡೋದು ಟಿವಿ ಬಗ್ಗೆ. ನಿಮ್ಮ ಕಿಸೆಯಲ್ಲಿರೋ ಟಿವಿ ಅಲ್ಲ. ಮಾಳಿಗೆ ಮ್ಯಾಲ ಹತ್ತಿ, ಪೈಪು ಹಿಡಿದು ತಿರುಗಿಸಿ, ಕೆಳಗಿದ್ದವರನ್ನ "ಬಂತೇನ್ರೋ?" ಅಂತ ಕೇಳಬೇಕಾಗಿದ್ದ ಟಿವಿ.

ಮೊದಲು ನಾನು ನೋಡಿಲ್ಲದ ಒಂದು ಕತೆ. ನಮ್ಮಪ್ಪ ಹೇಳಿದ್ದು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಅನ್ನೋ ಉಪಗ್ರಹವನ್ನ ಎರವಲು ತಗೊಂಡು ನಮ್ಮ ಇಸ್ರೋದವರು ಹಳ್ಳಿಗಳಿಗೆ ನೇರ ಟಿವಿ ತೋರಿಸಿದ್ರು. ಸೈಟ್ ಅಂತ ಅದರ ಹೆಸರು. ಆರು ರಾಜ್ಯ, ಸುಮಾರು 2,400 ಹಳ್ಳಿ. ಕರ್ನಾಟಕದಲ್ಲಿ ಆರಿಸಿಕೊಂಡದ್ದು ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಂಗಳೂರಿನವರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. ಅಂದ್ರ ಬೆಂಗಳೂರಿಗಿಂತ ಆರು ವರ್ಷ ಮೊದಲೇ ಗುಲ್ಬರ್ಗದ ಹಳ್ಳಿಯ ಮುದುಕ ಸಾಲಿಯ ಅಂಗಳದಲ್ಲಿ ಕುಂತು ಕನ್ನಡ ಟಿವಿ ನೋಡಿದ್ದ. ಇದನ್ನ ಬೆಂಗಳೂರಿನ ಗೆಳೆಯರಿಗೆ ಹೇಳಿ ನೋಡ್ರಿ, ನಂಬೂದಿಲ್ಲ.

ಕೋಳಿಗೂಡಿಗೆ ಹೊಡೆಯೋ ಜಾಳಿಗೆ ಇರತದಲ್ಲ, ಅಂಥ ತಂತಿ ಜಾಳಿಗೆಯಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿ. ಅದರ ಕೆಳಗ ಒಂದು ಪೆಟ್ಟಿಗಿ. ಬೆಳಿಗ್ಗೆ ಸಾಲಿ ಮಕ್ಕಳಿಗೆ, ಸಂಜೀಕ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಹಾಡು, ನಾಟಕ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ಆದರೆ ಆ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರ ಇರಲಿಲ್ಲ. ನಮ್ಮೂರಿಗೂ ಅಫಜಲಪುರ ತಾಲೂಕಿಗೂ ನಡುವೆ ಇರೋದು ಹೊಲಗಳು. ಆಕಡೆ ಹೊಲ ಕರ್ನಾಟಕ, ಈಕಡೆ ಹೊಲ ಮಹಾರಾಷ್ಟ್ರ, ಎರಡರಲ್ಲೂ ಬೆಳೆಯೋದು ಜೋಳ. ಉಪಗ್ರಹದಿಂದ ಬರೋ ಅಲೆ ನಮ್ಮ ಮಾಳಿಗೆ ಮ್ಯಾಲೂ ಬಿದ್ದಿರತದ, ಅದಕ್ಕೇನು ಗಡಿ ಗೊತ್ತದ? ಹಿಡಿಯೋ ಛತ್ರಿ, ಪೆಟ್ಟಿಗಿ ಮಾತ್ರ ನಮಗೆ ಕೊಟ್ಟಿರಲಿಲ್ಲ. ಅಪ್ಪ ಮತ್ತು ಅವನ ಸೋಬತಿಯವರು ಸಂಜೀಕ ಎತ್ತು ಕಟ್ಟಿ, ರೊಟ್ಟಿ ಗಂಟು ಕಟಗೊಂಡು, ಗಡಿಯಾಚೆ ನಮ್ಮ ಸೋದರತ್ತಿ ಊರಿಗೆ ನಡಕೋತ ಹೋಗಿ ನೋಡಿ ಬರುತ್ತಿದ್ದರಂತೆ. ಆ ಊರಿನವರು "ಇದು ಕರ್ನಾಟಕದ ಟಿವಿ, ಹಿಂದ ಕುಂದರ್ರಿ" ಅಂತ ಕಾಡಿಸೋರಂತೆ. ಬೀಗರಾದ್ದರಿಂದ ಆಮೇಲೆ ಮುಂದ ಕೂರಿಸೋರು. 1976ರ ಜುಲೈ ಕೊನೆಗೆ ಮುಗೀತು, ಉಪಗ್ರಹ ತನ್ನ ದಾರಿ ಹಿಡೀತು. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವೇ ಬಂತು. ಅದರ ಅಲೆ ನಮ್ಮ ಈ ಬಯಲುಸೀಮೆಯಲ್ಲಿ ಅಡ್ಡ ಗುಡ್ಡ ಇಲ್ಲದ್ದಕ್ಕೆ ನಮ್ಮೂರಿನವರೆಗೂ ಹೆಂಗೋ ತೆವಳಿಕೊಂಡು ಬರುತ್ತಿತ್ತು.

ಈಗ ನಮ್ಮ ಮನಿ ಕತೆ. 1986ರ ಶೇಂಗಾ ಮಾರಿದ ರೊಕ್ಕದಲ್ಲಿ ಅಪ್ಪ ಸೊಲ್ಲಾಪುರದಿಂದ ಹದಿನಾಲ್ಕು ಇಂಚಿನ ಕಪ್ಪು ಬಿಳುಪು ಟಿವಿ ತಂದ. ಎಸ್‌ಟಿ ಬಸ್ಸಿನಲ್ಲಿ ಅದನ್ನ ಸೀಟಿನ ಮೇಲೆ ಕೂರಿಸಿ, ತಾನು ನಿಂತುಕೊಂಡು ಬಂದಿದ್ದ. ಕಂಡಕ್ಟರ್ ಅದಕ್ಕೂ ಟಿಕೀಟು ಹರಿದಿದ್ದ. ಆಗ ನಾನು ಹನ್ನೊಂದು ವರ್ಷದವನು, ನಮ್ಮೂರ ಕನ್ನಡ ಸಾಲಿಯಲ್ಲಿ ಐದನೇತ್ತ.

ನಮ್ಮ ಆಯಿ, ಅಪ್ಪನ ತಾಯಿ, ಟಿವಿಗೆ ಕುಂಕುಮ ಹಚ್ಚಿ ಒಂದು ಕಾಯಿ ಒಡೆದಳು. ಆಮೇಲೆ ಕೇಳಿದಳು, "ಕನ್ನಡ ಬರತದೇನೋ ಇದಕ್ಕ?"

ಅದು ಖರೇ ದೊಡ್ಡ ಪ್ರಶ್ನೆ. ರೇಡಿಯೋಕ್ಕೆ ಈ ತ್ರಾಸ ಇರಲಿಲ್ಲ. ಧಾರವಾಡ ಆಕಾಶವಾಣಿ, ಗುಲ್ಬರ್ಗ ಆಕಾಶವಾಣಿ ನೆಲ ಹಿಡಿದು ದೂರ ದೂರ ಬರುತ್ತಿದ್ದವು, ಮುಳ್ಳು ತಿರುಗಿಸಿದರೆ ಆಯ್ತು. ಟಿವಿ ಅಲೆ ಹಂಗಲ್ಲ. ಹೆಚ್ಚು ಕಡಿಮೆ ನೇರ ಬರತದ, ಆಂಟೆನಾದ ಮುಖ ಅದು ಬರೋ ಕಡೆಗೇ ಇರಬೇಕು. ನಕಾಶೆಯಲ್ಲಿ ನೋಡ್ರಿ, ಅಕ್ಕಲಕೋಟ ಸೀಮೆಗೆ ಗುಲ್ಬರ್ಗ ಪೂರ್ವಕ್ಕೆ, ಸೊಲ್ಲಾಪುರ ಪಶ್ಚಿಮಕ್ಕೆ. ಹೆಚ್ಚು ಕಡಿಮೆ ಎದುರುಬದುರು. ಒಂದರ ಕಡೆ ಮುಖ ಮಾಡಿದರೆ ಇನ್ನೊಂದಕ್ಕೆ ಬೆನ್ನು. ಗುಲ್ಬರ್ಗದ ಕಡೆ ಇಟ್ಟರೆ ಕನ್ನಡ. ಸೊಲ್ಲಾಪುರದ ಕಡೆ ಇಟ್ಟರೆ ಮೊದಲು ದಿಲ್ಲಿ ಹಿಂದಿ, ಆಮೇಲೆ ಮುಂಬೈಯ ಮರಾಠಿಯೂ ಬಂತು. ಎರಡೂ ಕಡೆ ಚಿತ್ರ ಮಳೆಯಲ್ಲಿ ನೆನೆದಂಗ ಇರುತ್ತಿತ್ತು ಅನ್ನೋದು ಬ್ಯಾರೆ ಮಾತು. ಅಪ್ಪ ಆಂಟೆನಾ ಪೈಪಿನ ಬುಡಕ್ಕೆ, ಗೋಡೆ ಮೇಲೆ ಸುಣ್ಣದಿಂದ ಎರಡು ಗುರುತು ಮಾಡಿದ. ಒಂದು ಕಡೆ 'ಗು', ಒಂದು ಕಡೆ 'ಸೊ'.

ರಾತ್ರಿ ಎಂಟೂವರೆ ದಾಟಿದ ಮೇಲೆ ಜಗಳ ಇರಲಿಲ್ಲ. ಆಗ ದೇಶದ ಎಲ್ಲಾ ಕೇಂದ್ರಗಳೂ ದಿಲ್ಲಿ ಕಾರ್ಯಕ್ರಮಕ್ಕೆ ಹೊರಳುತ್ತಿದ್ದವು, ಎತ್ತ ತಿರುಗಿಸಿದರೂ ಅದೇ ಹಿಂದಿ ವಾರ್ತೆ, ಅದೇ ಧಾರಾವಾಹಿ. ಗುದ್ದಾಟ ಎಲ್ಲಾ ಸಂಜೀ ಹೊತ್ತಿನದು. ಹುಡುಗರಿಗೆ ಮುಂಬೈಯ 'ಛಾಯಾಗೀತ'ದ ಹಿಂದಿ ಹಾಡು ಬೇಕು. ಕಾಕಾಗೆ ಮುಂಬೈಯ ಒಕ್ಕಲುತನದ 'ಆಮ್ಚಿ ಮಾತಿ, ಆಮ್ಚಿ ಮಾಣಸಂ' ಬೇಕು, ಯಾಕಂದ್ರ ಬೀಜ, ಗೊಬ್ಬರ, ಸಾಲ ಎಲ್ಲಾ ಮಹಾರಾಷ್ಟ್ರದ ಲೆಕ್ಕದಲ್ಲೇ ನಮಗೆ ಸಿಗೋದು. ಅವನ ಮಾತೂ ಖರೇನೇ. ಆಯಿಗೆ, ಅವ್ವಗೆ, ಓಣಿ ಹೆಣ್ಣುಮಕ್ಕಳಿಗೆ ಕನ್ನಡ ಬೇಕು. ಸಂಜೀಕ ನಮ್ಮ ಮಾಳಿಗೆ ಏಣಿ ಖಾಲಿ ಇರುತ್ತಿರಲಿಲ್ಲ. ನಾನೇ ಹತ್ತೋದು.

"ಬಂತೇನು?"

"ಬರಲಿಲ್ಲೋ, ಸ್ವಲ್ಪ ಹೊಳ್ಳಸು."

"ಈಗ?"

"ಬಂತು ಬಂತು! ಬಿಡಬ್ಯಾಡ! ಹೋತು..."

ಕೈ ಬಿಟ್ಟರೆ ಹೋಗುತ್ತಿತ್ತು. ಒಂದೊಂದು ಸಲ ಅರ್ಧ ತಾಸು ಪೈಪು ಹಿಡಕೊಂಡೇ ನಿಂತು, ಕೆಳಗಿಂದ ಬರೋ ಮಾತು ಕೇಳಿ ನಾಟಕ ತಿಳಕೊಂಡದ್ದುಂಟು.

ನೋಡೋಕೆ ಬಂದವರನ್ನ ಆಯಿ ಸುಮ್ಮನೆ ಕೂರಿಸುತ್ತಿರಲಿಲ್ಲ. ಬಿತ್ತನೆ ಮುಂಚೆ ಶೇಂಗಾ ಬೀಜ ಸುಲಿಯೋ ಕಾಲದಲ್ಲಿ ಪಡಸಾಲಿ ನಡುವೆ ಒಂದು ರಾಶಿ ಸುರಿಯೋಳು. "ಕಣ್ಣು ಅಲ್ಲಿರಲಿ, ಕೈ ಇಲ್ಲಿರಲಿ." ನಲವತ್ತು ಜನ ಕುಂತರೆ ಒಂದು ಧಾರಾವಾಹಿಯೊಳಗೆ ಒಂದು ಚೀಲ ಮುಗಿಯೋದು. ತಿಂದದ್ದು ಲೆಕ್ಕಕ್ಕಿಲ್ಲ. ಕಂದೀಲು ಪಕ್ಕಕ್ಕಿಟ್ಟು, ಮಕ್ಕಳಿಗೆ ಕಂಬಳಿ ಹಾಸಿ, ಬಾಣಂತಿಯರಿಗೆ ಗೋಡೆ ಕಡೆ ಜಾಗ. ಊರಲ್ಲಿ ಟಿವಿ ಇದ್ದದ್ದು ಮೂರು ಮನಿಯಲ್ಲಿ. ಅದರಲ್ಲಿ ಒಬ್ಬರು ಬಾಗಿಲು ಹಾಕಿಕೊಂಡು ನೋಡೋರು, ಅವರ ಸುದ್ದಿ ಇವತ್ತಿಗೂ ಊರಿನವರು ಆಡಿಕೋತಾರ.

1987ರ ಜನವರಿ 25ಕ್ಕೆ ರಾಮಾಯಣ ಶುರುವಾಯ್ತು. ಭಾನುವಾರ ಬೆಳಿಗ್ಗೆ. ಅವತ್ತಿನಿಂದ ನನಗೊಂದು ನೌಕರಿ ಸಿಕ್ಕಿತು, ಅರ್ಥ ಹೇಳೋ ನೌಕರಿ. ನಮ್ಮ ಕನ್ನಡ ಸಾಲಿಯಲ್ಲಿ ಮರಾಠಿ, ಹಿಂದಿ ಎರಡೂ ಕಲಿಸುತ್ತಿದ್ದರಲ್ಲ, ಆದ್ದರಿಂದ ಓಣಿಯ ಮುದುಕಿಯರೆಲ್ಲ ನನ್ನನ್ನ ಟಿವಿ ಪಕ್ಕ ಕೂರಿಸಿದ್ರು. ಒಂದೊಂದು ಮಾತು ಆದ ಕೂಡಲೇ ನಾನು ಕನ್ನಡದಲ್ಲಿ ಕೂಗಿ ಹೇಳಬೇಕು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ತರೋಕೆ ಬ್ಯಾರೆ ಹುಡುಗರಿದ್ದರು, ನನ್ನನ್ನ ಮಾತ್ರ ಏಳಗೊಡುತ್ತಿರಲಿಲ್ಲ.

ಅಲ್ಲಿ ನಾನೊಂದು ಕಂಡುಕೊಂಡೆ. ಆಜ್ಞೆ, ವನವಾಸ, ಪ್ರತಿಜ್ಞೆ, ಧರ್ಮ, ಪಾದುಕೆ, ಇವೆಲ್ಲ ಆಯಿಗೆ ನನಗಿಂತ ಮೊದಲೇ ತಿಳಿಯುತ್ತಿದ್ದವು. ಪುರಾಣ, ಕೀರ್ತನ ಕೇಳಿ ಬೆಳೆದವಳು. ಆಕಿಗೆ ತಿಳಿಯದೇ ಇದ್ದದ್ದು 'ಚಾಹಿಯೇ', 'ಲೇಕಿನ್' ಅನ್ನೋ ಸಣ್ಣ ಸಣ್ಣ ಶಬ್ದ. ಒಂದು ವಾರ ಅಯೋಧ್ಯೆಯಲ್ಲಿ ಪಟ್ಟಾಭಿಷೇಕದ ಸಡಗರ ನಡೆದಿತ್ತು. ಹಿಂದಿಯ 'ಕಲ್' ಅಂದ್ರ ನಾಳೆಯೂ ಆಗತದ, ನಿನ್ನೆಯೂ ಆಗತದ. ಮರಾಠಿಯ 'ಕಾಲ್' ಅಂದ್ರ ನಿನ್ನೆ ಮಾತ್ರ. ನಾನು ಮರಾಠಿ ಲೆಕ್ಕ ಹಿಡಿದು ದೊಡ್ಡ ದನಿಯಲ್ಲಿ ಹೇಳಿದೆ, "ನಿನ್ನೆ ರಾಮನ ಪಟ್ಟಾಭಿಷೇಕ ಆತಂತ!"

ಆಯಿ ಶೇಂಗಾ ಸುಲಿಯೋದು ನಿಲ್ಲಿಸಿದಳು. "ಖೋಡಿ, ನಿನ್ನೆ ಆಗಿದ್ರ ಇವತ್ತ ಕೈಕೇಯಿ ಸಿಟ್ಟಾಗಿ ಏನ್ ಮಾಡತಾಳ?"

ಪಡಸಾಲಿ ತುಂಬ ನಗು. ಆ ನಗು ನನಗೆ ಈಗಲೂ ಕೇಳತದ. ಒಂದು ಭಾಷೆ ಟಿವಿಯಿಂದ ಬರತಿತ್ತು, ಇನ್ನೊಂದು ನನ್ನ ಸಾಲಿಯದು ಅಡ್ಡ ಬರತಿತ್ತು, ಮೂರನೇದರಲ್ಲಿ ನಾವೆಲ್ಲ ನಗತಿದ್ವಿ.

ಕನ್ನಡದ ಸಿನೆಮಾ ದಿಲ್ಲಿಯಿಂದ ಬರೋದು ಅಪರೂಪ. ಭಾನುವಾರ ಮಧ್ಯಾಹ್ನ ಬ್ಯಾರೆ ಬ್ಯಾರೆ ಭಾಷೆಯ ಪ್ರಶಸ್ತಿ ಚಿತ್ರ ತೋರಿಸೋರು, ನಮ್ಮ ಪಾಳಿ ಬರೋ ಹೊತ್ತಿಗೆ ತಿಂಗಳುಗಳು ಕಳೆಯೋವು. 'ಮಾಲ್ಗುಡಿ ಡೇಸ್' ಬಂದಾಗ ಅಪ್ಪ ಬಹಳ ಉಮೇದಿಯಿಂದ ಎಲ್ಲರನ್ನೂ ಕರೆದ. ಶಂಕರನಾಗ್ ತೆಗೆದದ್ದು, ಆಗುಂಬೆಯಲ್ಲಿ ತೆಗೆದದ್ದು, ಗಿರೀಶ ಕಾರ್ನಾಡ ಇದ್ದಾರ ಅಂತ. ನೋಡಿದರೆ ಎಲ್ಲರೂ ಹಿಂದಿ ಮಾತಾಡತಿದ್ದಾರ. ಆಯಿ ಕೇಳಿದಳು, "ಇವರು ನಮ್ಮ ಕಡಿಯವರು ಅಂತೀಯಲ್ಲೋ, ತಮ್ಮ ಮನ್ಯಾಗರೆ ಕನ್ನಡ ಮಾತಾಡತಾರೋ ಇಲ್ಲೋ?" ಅಪ್ಪನ ಹತ್ತಿರ ಉತ್ತರ ಇರಲಿಲ್ಲ.

ಈಗ ನಾನು ಹೇಳಬೇಕಾದದ್ದು ಬರತದ. ಇದನ್ನ ಹೇಳೋದೋ ಬಿಡೋದೋ ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿಕೋತ ಬಂದೆ.

ನಮ್ಮೂರ ಕನ್ನಡ ಸಾಲಿ ಏಳನೇತ್ತಕ್ಕೆ ಮುಗೀತು. ಎಂಟಕ್ಕೆ ದೊಡ್ಡ ಊರಿನ ಮರಾಠಿ ಹೈಸ್ಕೂಲಿಗೆ ಹೋದೆ. ಇಲ್ಲಿ ಕುಂತವರಲ್ಲಿ ಅರ್ಧ ಜನರ ಕತೆನೂ ಇದೇ ಇರಬೇಕು. ಮೊದಲ ಆರು ತಿಂಗಳು ಬಾಯಿ ಬಿಡಲಿಲ್ಲ. 'ಳ' ಮತ್ತು 'ಲ' ಸರಿ ಇತ್ತು, ವ್ಯಾಕರಣ ಸರಿ ಇತ್ತು, ಆದರೆ ರಾಗ ನಮ್ಮದು. ಬಾಯಿ ಬಿಟ್ಟರೆ "ಕಾನಡೀ" ಅಂತ ಗೊತ್ತಾಗುತ್ತಿತ್ತು. ಯಾರೂ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಸುಮ್ಮನೆ ನಗೋರು. ನಗೋದು ಸಾಕಾಗತದ.

ಒಂದು ಸಂಜೀ ನನ್ನ ಜೊತೆ ಬೆಂಚಿನಲ್ಲಿ ಕೂರೋ ಮರಾಠಿ ಹುಡುಗ ತನ್ನ ಅಪ್ಪನ ಜೊತೆ ನಮ್ಮೂರಿಗೆ ಜೋಳ ಕೊಳ್ಳೋಕೆ ಬಂದ. ನಮ್ಮ ಮನಿಗೇ ಬರತಾರ ಅಂತ ಮೊದಲೇ ಹೇಳಿ ಕಳಿಸಿದ್ದರು. ಅವರು ಓಣಿ ತಿರುವಿನಲ್ಲಿ ಬರೋದನ್ನ ಮಾಳಿಗೆಯಿಂದ ಕಂಡೆ. ಕೆಳಗ ಟಿವಿಯಲ್ಲಿ ಕನ್ನಡ ನಾಟಕ ನಡೆದಿತ್ತು, ಆಯಿ ನೋಡತಿದ್ದಳು, ದನಿ ಓಣಿವರೆಗೂ ಕೇಳತಿತ್ತು. ನಾನು ಪೈಪು ಹಿಡಿದು 'ಗು'ದಿಂದ 'ಸೊ'ಕ್ಕೆ ತಿರುಗಿಸಿಬಿಟ್ಟೆ. ಕೆಳಗಿಳಿದು ಬಟನ್ನೂ ತಿರುಗಿಸಿದೆ. ಮುಂಬೈ ಬಂತು.

ಆಯಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ.

ಬಂದವರಿಗೆ ಚಹಾ ಕೊಟ್ಟಾಯ್ತು. ನಾನು "ಆಯಿ" ಅಂತ ಕರೆದದ್ದು ಕೇಳಿ ಆ ಹುಡುಗ ನನ್ನ ತಾಯಿ ಇಷ್ಟು ಮುದುಕಿನಾ ಅಂತ ಕಣ್ಣರಳಿಸಿದ, ಮರಾಠಿಯಲ್ಲಿ ಆಯಿ ಅಂದ್ರ ತಾಯಿ ಅಲ್ಲೇನು. ಅವನ ಅಪ್ಪ ಟಿವಿ ಕಡೆ ನೋಡುತ್ತ, ಇಲ್ಲಿ ಮುಂಬೈ ಚಂದ ಬರತದಲ್ಲ ಅಂದ್ರು. ಆಗ ಆಯಿ ಮರಾಠಿಯಲ್ಲಿ, ಆಕಿ ಸಂತೆ ಮರಾಠಿ ನನ್ನ ಪುಸ್ತಕದ ಮರಾಠಿಗಿಂತ ಚಂದ ಇತ್ತು, ಹೇಳಿದಳು, "ಮೀ ಕಾನಡೀ ಐಕತ್ ಹೋತೆ. ಪೋರಾನಂ ಫಿರವ್ಲಂ." ನಾನು ಕನ್ನಡ ಕೇಳತಿದ್ದೆ, ಪೋರ ತಿರುಗಿಸಿದ.

ನೆಲ ಬಾಯಿ ಬಿಡಬಾರದೇ ಅನಿಸಿತು. ಆ ಮನುಷ್ಯ ನನ್ನನ್ನ ನೋಡಿದ್ರು, ಆಯಿಯನ್ನ ನೋಡಿದ್ರು, ಚಹಾದ ಬಟ್ಟಲು ಕೆಳಗಿಟ್ಟರು. ಆಮೇಲೆ ಕನ್ನಡದಲ್ಲಿ, ಮುರುಕು ಕನ್ನಡದಲ್ಲಿ, "ನಮ್ಮವ್ವ ಇಂಡಿ ಕಡಿಯಾಕಿರಿ. ಸಾಯೂತನಕ ಕನ್ನಡದಾಗ ಬಯ್ತಿದ್ಳು" ಅಂದ್ರು. ನನ್ನ ಕಡೆ ತಿರುಗಿ, "ಹೋಗೋ, ತಿರುಗಸು" ಅಂದ್ರು. ಅವರ ಮಗನಿಗೇ ಈ ಸುದ್ದಿ ಹೊಸದು. ಅವನು ಬಾಯಿ ತೆರೆದುಕೊಂಡು ಅಪ್ಪನ ಮುಖ ನೋಡತಿದ್ದ.

ನಾನು ಏಣಿ ಹತ್ತಿದೆ. ನಾಟಕ ಅಷ್ಟರಲ್ಲಿ ಮುಗಿದಿತ್ತು.

ಬಹಳ ವರ್ಷ ಈ ಕತೆಯನ್ನ ನಾನು "ನೋಡ್ರಿ, ಮರಾಠಿ ಮಂದಿ ಎಷ್ಟು ಒಳ್ಳೇವರು" ಅಂತ ಹೇಳಿಕೊಂಡು ಬಂದೆ. ಒಳ್ಳೇವರೇ. ಆದರೆ ಹಂಗ ಹೇಳಿದಾಗಲೆಲ್ಲ ನಾನು ಮಾಡಿದ್ದು ಮರೆಗೆ ಹೋಗುತ್ತಿತ್ತು. ಯಾರೂ ತಿರುಗಿಸು ಅಂದಿರಲಿಲ್ಲ. ಹೈಸ್ಕೂಲಿಗೆ ಹೋಗಿ ವರ್ಷ ತುಂಬಿರಲಿಲ್ಲ, ನಾನೇ ತಿರುಗಿಸಿದ್ದೆ.

ಮುಂದಿನದನ್ನ ಲಗೂನ ಹೇಳತೀನಿ. ತೊಂಬತ್ತರ ದಶಕದಲ್ಲಿ ಕೇಬಲ್ ಬಂತು, ಆಂಟೆನಾ ಕಾಗಿ ಕೂರೋ ಕೋಲಾಯ್ತು. 1994ರಲ್ಲಿ ಉದಯ ಟಿವಿ ಶುರುವಾದ ಸುದ್ದಿ ಬೀಗರ ಊರಿನಿಂದ ಬಂತು, ಅಲ್ಲಿ ದಿನಾ ಕನ್ನಡ ಸಿನೆಮಾ ಅಂತ. ನಮ್ಮ ಕೇಬಲಿನವನ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಪ್ಪ ಹೋಗಿ ಕೇಳಿದ. ಅವನು ಸರಳ ಮನುಷ್ಯ, ವ್ಯಾಪಾರದ ಮಾತಾಡಿದ, "ನಲವತ್ತು ಮನಿ ಸಹಿ ತರ್ರಿ, ಹಾಕತೀನಿ." ನಮ್ಮ ಎರಡು ಓಣಿಯಲ್ಲೇ ಮನಿಯೊಳಗ ಕನ್ನಡ ಮಾತಾಡೋರು ಎಪ್ಪತ್ತು ಮನಿ ಇದ್ದರು. ಅಪ್ಪ ಒಂದು ವಾರ ನೋಟುಬುಕ್ಕು ಹಿಡಿದು ಅಡ್ಡಾಡಿದ. ಬಂದ ಸಹಿ ಹತ್ತೊಂಬತ್ತು.

ಬ್ಯಾಡ ಅಂದವರು ಯಾರೂ ಇಲ್ಲ, ಇದನ್ನ ಗಮನಿಸಿರಿ. "ನಡೀತದ ಬಿಡ್ರಿ ಮಾಸ್ತರ, ಹಿಂದಿ ಅದ, ಮರಾಠಿ ಅದ, ಎಲ್ಲಾ ತಿಳೀತದ" ಅಂದ್ರು. "ಹುಡುಗರ ಸಾಲಿಗೆ ಅದೇ ಛಲೋ" ಅಂದ್ರು. ತಿಳೀತಿದ್ದದ್ದು ಗಂಡಸರಿಗೆ, ಸಾಲಿ ಹುಡುಗರಿಗೆ. ಮುದುಕಿಯರನ್ನ ಯಾರೂ ಕೇಳಲಿಲ್ಲ. ಸಹಿ ಹಾಕೋದು ಮನಿ ಯಜಮಾನ ಅಲ್ಲೇನು. ಅರ್ಥ ಹೇಳೋಕೆ ನಾನೂ ಊರಲ್ಲಿ ಇರಲಿಲ್ಲ, ಪುಣೆಯಲ್ಲಿ ನೌಕರಿಗೆ ಸೇರಿದ್ದೆ. ಆಯಿ ಕೊನೆಗೊನೆಗೆ ದನಿ ಪೂರ್ತಿ ಕಡಿಮೆ ಮಾಡಿ ಟಿವಿ ನೋಡುತ್ತಿದ್ದಳು ಅಂತ ಅವ್ವ ಹೇಳಿದಳು. ದನಿ ಬ್ಯಾಡಂತ, ಚಿತ್ರ ಸಾಕಂತ. 2004ರ ಕೊನೆಗೆ ದೂರದರ್ಶನದವರ ಬಾಡಿಗೆ ಇಲ್ಲದ ಡಿಶ್ ಬಂತು, ಚಂದನ ಸಿಗತೊಡಗಿತು. ಅಪ್ಪ ಮೊದಲ ವಾರವೇ ಹಾಕಿಸಿದ. ಆಯಿ ಅಷ್ಟರಲ್ಲಿ ಇರಲಿಲ್ಲ.

ಈಗ ನಿಮ್ಮ ಮಾತು. ನಿಮ್ಮ ಕೈಯಲ್ಲಿರೋ ಫೋನಿಗೆ 'ಗು' ಇಲ್ಲ, 'ಸೊ' ಇಲ್ಲ, ಅಫಜಲಪುರಕ್ಕೆ ಬರೋದೆಲ್ಲ ಅಕ್ಕಲಕೋಟಕ್ಕೂ ಬರತದ. ಜತ್ತಿಗೆ, ಆದವಾನಿಗೆ, ತಾಳವಾಡಿಗೆ, ಕಾಸರಗೋಡಿಗೆ, ಎಲ್ಲಾ ಕಡೆ ಒಂದೇ. ಅದಕ್ಕೇ ಮೊನ್ನೆ ಇಲ್ಲೇ ಒಬ್ಬ ಹುಡುಗ "ಸರ, ಈಗ ಗಡಿ ಸಮಸ್ಯೆನೇ ಇಲ್ಲಲ್ರಿ" ಅಂದ. ಅವನ ಫೋನು ತಗೊಂಡು ನೋಡಿದೆ. ಭಾಷೆ ಇಂಗ್ಲಿಷ್. ಕೀಲಿಮಣೆಯಲ್ಲಿ ಕನ್ನಡ ಹಾಕಿಲ್ಲ. ಅವನ ಅವ್ವನ ನಂಬರು ಮರಾಠಿಯಲ್ಲಿ ಬರೆದಿಟ್ಟುಕೊಂಡಿದ್ದಾನ. ನಾನು ಬಯ್ಯಲಿಲ್ಲ, ನಾನು ಬಯ್ಯೋಕೆ ಬರೋದಿಲ್ಲ, ನನ್ನ ಕತೆ ಈಗ ಕೇಳಿದಿರಲ್ಲ. ಅವನ ಫೋನಿಗೆ ಕನ್ನಡ ಕೀಲಿಮಣೆ ಹಾಕಿಕೊಟ್ಟೆ, ಎರಡು ನಿಮಿಷದ ಕೆಲಸ. ಆಯಿ ಟಿವಿ ನೋಡುವಾಗ ಪಕ್ಕ ಕುಂತು ಅರ್ಥ ಹೇಳತೀಯೇನೋ ಅಂತ ಕೇಳಿದೆ. ಅವರ ಆಯಿ ಬ್ಯಾರೆ ಕೋಣೆಯಲ್ಲಿರತಾಳಂತ.

ಮುಂದಿನ ತಿಂಗಳ ಕೂಟಕ್ಕೆ ಒಂದು ಕೆಲಸ ಕೊಡತೀನಿ. ಮನಿಯಲ್ಲಿ ಅರವತ್ತು ದಾಟಿದವರು ಇದ್ದರೆ, ಮೊದಲ ಸಲ ಟಿವಿ ಎಲ್ಲಿ ನೋಡಿದ್ರಿ, ಯಾವ ಭಾಷೆಯಲ್ಲಿ ನೋಡಿದ್ರಿ, ಯಾರು ಅರ್ಥ ಹೇಳತಿದ್ರು ಅಂತ ಕೇಳಿ ಫೋನಿನಲ್ಲಿ ಧ್ವನಿ ಹಿಡಕೊಂಡು ಬರ್ರಿ. ಹತ್ತು ನಿಮಿಷ ಸಾಕು. ಸೈಟ್ ಕಾಲದಲ್ಲಿ ಗಡಿ ದಾಟಿ ನಡಕೋತ ಹೋಗಿ ನೋಡಿದವರು ಈಗ ಎಪ್ಪತ್ತು ದಾಟಿದ್ದಾರ. ನಮ್ಮಪ್ಪನ ಸೋಬತಿಯವರಲ್ಲಿ ಉಳಿದವರು ಇಬ್ಬರೇ. ಅವರ ಮನಿ ನಾನು ತೋರಿಸತೀನಿ.

ಹೋದ ವರ್ಷ ನಮ್ಮ ಹಳೇ ಮನಿ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸಿದ್ವಿ. ಗೌಂಡಿ ಆಂಟೆನಾ ಪೈಪು ಕಿತ್ತ. ಗೋಡೆಯ ಸುಣ್ಣ ಎಂದೋ ಉದುರಿತ್ತು, 'ಸೊ' ಹೋಗಿತ್ತು, 'ಗು'ದ ಕೊಂಬು ಒಂದಿಷ್ಟು ಉಳಿದಿತ್ತು. ಅಲ್ಯುಮಿನಿಯಂ ಕಡ್ಡಿ ಭಂಗಾರದವನು ಒಯ್ದ. ಪೈಪು ಗಟ್ಟಿ ಇದೆ, ಅವ್ವ ಅದನ್ನ ಹಿತ್ತಲಲ್ಲಿ ಅವರೆ ಬಳ್ಳಿಗೆ ನೆಡಿಸಿದ್ದಾಳ.